ಬಂದ್ ಇಟ್ಟ ಕೂಲರ್‌ಗೆ ಬಹುಮಾನ ಕೊಟ್ಟ ಸಾಹೇಬರಿಗೆ

ಮಾನ್ಯರೇ,

ಕಾರಣ ಕೇಳಿದ್ದೀರಿ, ಕೊಡುತ್ತೇನೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ನೀವು ಕಟ್ಟಿಸಿಕೊಟ್ಟ ಹಾಲ್‌ಗೆ ಕಳೆದ ವಾರ ನಿಮ್ಮ ಕಚೇರಿಯ ನೋಟಿಸ್ ಬಂದು ಮುಟ್ಟಿದೆ. ಈ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಲ್ಲಿಯ ಕೂಲರ್ 'ಅನುಮೋದಿತ ಇಂಧನ ಮಾದರಿಯನ್ನು ಮೀರಿ' ವಿದ್ಯುತ್ ಬಳಸಿದೆಯಂತೆ. ಅದಕ್ಕೆ ಸಮಜಾಯಿಷಿ ಕೊಡಬೇಕಂತೆ. ಕೊಡದಿದ್ದರೆ ಹಾಲ್‌ಗೆ ದೊರೆತ ಇಂಧನ ದಕ್ಷತಾ ಪ್ರಶಸ್ತಿಯನ್ನು ಮರುಪರಿಶೀಲಿಸಲಾಗುವುದಂತೆ. ಸಮಜಾಯಿಷಿ ಇಷ್ಟೇ: ಆ ಮಧ್ಯಾಹ್ನ ಏಳು ತಿಂಗಳ ಬಸುರಿಯೊಬ್ಬಳು ನಿಮ್ಮ ಪ್ರಶಸ್ತಿ ವಿಜೇತ ಕಟ್ಟಡದೊಳಗೆ ಧಗೆ ತಾಳಲಾರದೆ ಎಚ್ಚರ ತಪ್ಪಿ ಬಿದ್ದಳು. ಅವಳ ಸಲುವಾಗಿ ಕೂಲರ್ ಹಚ್ಚಿದರು. ಅಸಾಮಾನ್ಯವಾದದ್ದು ಏನಾದರೂ ನಡೆದಿದ್ದರೆ ಅದು ಅಂದು ಕೂಲರ್ ಹಚ್ಚಿದ್ದಲ್ಲ, ಉಳಿದ ದಿನಗಳಲ್ಲಿ ಹಚ್ಚದೆ ಇದ್ದದ್ದು. ಅದರ ಬಗ್ಗೆ ಮಾತ್ರ ನೀವು ಈವರೆಗೆ ಒಂದು ಮಾತೂ ಕೇಳಿಲ್ಲ.

ನಾನು ಯಾರು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ 'ಅರ್ಜಿದಾರರಿಗೂ ಪ್ರಕರಣಕ್ಕೂ ಸಂಬಂಧವಿಲ್ಲ' ಎಂದು ಷರಾ ಬರೆದು ಮುಗಿಸಿಬಿಡುತ್ತೀರಿ. ನನ್ನ ಹೆಸರು ಫರಹೀನ. ನಿಪ್ಪಾಣಿಯ ಸೊಸೆ. ದಿನಾ ಬಸ್ಸಿಗೆ ಚಿಕ್ಕೋಡಿಗೆ ಹೋಗಿ ಅಲ್ಲಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅತಿಥಿ ಉಪನ್ಯಾಸಕಿ ಎಂದು ನನಗೆ ಹೆಸರು. ಹತ್ತು ವರ್ಷವಾಯಿತು, ಅತಿಥಿ ಇನ್ನೂ ಮನೆಯವಳಾಗಿಲ್ಲ. ನನ್ನ ಅತ್ತೆ ಶರೀಫಾಬಿ, ನನ್ನ ಮೈದುನನ ಹೆಂಡತಿ ತಸ್ಲೀಮ, ಇಬ್ಬರೂ ನಿಮ್ಮ ಹಾಲ್‌ನಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಬಿದ್ದವಳು ತಸ್ಲೀಮ. ಹಾಲ್‌ನ ಮಹಿಳಾ ಸಮಿತಿಗೆ ಸುಂದರಾ ಎಂಬುವರು ಅಧ್ಯಕ್ಷೆ. ನಿಮ್ಮ ನೋಟಿಸನ್ನು ನನ್ನ ಕೈಗೆ ತುರುಕಿದವರು ಅವರೇ. "ಇದ್ರಾಗಿನ ಒಂದ ಶಬ್ದಾನೂ ನನ್ನ ಗಂಟಲದಾಗ ಇಳಿವಲ್ದು, ಟೀಚರ. ನೀನ ಓದು, ನೀನ ಬೈದು ಬರಿ" ಅಂದರು. ಬೈಯುವುದು ನನಗೆ ಬರುತ್ತದೆ ಎಂಬ ನಂಬಿಕೆ ಅವರಿಗೆ ಹೇಗೆ ಬಂತೋ ಗೊತ್ತಿಲ್ಲ. ಹುಸಿಯಾಗದಂತೆ ನೋಡಿಕೊಳ್ಳುತ್ತೇನೆ.

ಬೀಡಿ ಕೆಟ್ಟದ್ದು, ಆ ದಂಧೆಯೇ ನಿಲ್ಲಬೇಕು ಎಂದು ನೀವು ಹೇಳಬಹುದು. ಹೇಳಿ. ನಾನೂ ತರಗತಿಯಲ್ಲಿ ಅದನ್ನೇ ಹೇಳುತ್ತೇನೆ. ಆದರೆ ದಂಧೆ ನಿಲ್ಲುವವರೆಗೆ ಕಟ್ಟುವ ಕೈಗಳು ಬೇಯಬೇಕು ಎಂದು ಯಾವ ಸುತ್ತೋಲೆಯಲ್ಲಿದೆ?

ಇನ್ನು ಹಾಲ್‌ನ ವಿಷಯ. ಮೊದಲು ಈ ಹೆಣ್ಣುಮಕ್ಕಳು ಅವರವರ ಮನೆಯಲ್ಲೇ ಕೂತು ಕಟ್ಟುತ್ತಿದ್ದರು. ತಗಡು ಹೊದಿಸಿದ ಪತ್ರಾಸಿನ ಮನೆ, ಆದರೆ ಅಂಗಳದಲ್ಲಿ ನೆರಳು ಸರಿದ ಕಡೆ ತಾವೂ ಸರಿಯುತ್ತಿದ್ದರು. ಎರಡು ವರ್ಷದ ಹಿಂದೆ ನೀವು ದೊಡ್ಡ ಮನಸ್ಸು ಮಾಡಿ ಹಾಲ್ ಕಟ್ಟಿಸಿದಿರಿ. ಚಪ್ಪಟೆ ಕಾಂಕ್ರೀಟ್ ಛಾವಣಿ, ಅದರ ಮೇಲೆ ಹೆಬ್ಬಂಡೆಯಂಥ ನೀರಿನ ಕೂಲರ್, ಕೂಲರ್‌ನಿಂದ ಒಳಗೆ ಇಳಿದ ತಗಡಿನ ಕೊಳವೆ, ಕೊಳವೆಯುದ್ದಕ್ಕೂ ಗಾಳಿ ಬಿಡುವ ಜಾಲರಿಗಳು. ಕೂಲರ್‌ಗೆ ಬೇರೆ ಮೀಟರ್. ಅದರ ಅಂಕಿ ನಿಮ್ಮ ಬೆಳಗಾವಿಯ ಕಚೇರಿಯ ಪರದೆಯ ಮೇಲೆ ತಾನಾಗಿಯೇ ಮೂಡುತ್ತದೆಯಂತೆ. ಹಾಲ್ ಆದದ್ದೇ ತಡ, ಎಲೆ ತಂಬಾಕು ಹಂಚುವ ಗುತ್ತಿಗೆದಾರ ಮನೆಮನೆಗೆ ಬರುವುದನ್ನು ಬಿಟ್ಟ. ಈಗ ಹಾಲ್‌ಗೆ ಬಂದು ಕೂತವರಿಗಷ್ಟೇ ಎಲೆ. ಬರದಿದ್ದರೆ ಅವಳ ಪಾಲು ಪಕ್ಕದವಳಿಗೆ. ಹೀಗಾಗಿ ಆ ಛಾವಣಿಯ ಕೆಳಗೆ ಕೂಡುವುದು ಬಿಡುವುದು ಯಾರ ಖುಷಿಗೂ ಬಿಟ್ಟದ್ದಲ್ಲ.

ಬೀಡಿ ಕಟ್ಟುವುದನ್ನು ಒಂದು ಸಲವಾದರೂ ಹತ್ತಿರದಿಂದ ನೋಡಿದ್ದರೆ ನಿಮಗೆ ಈ ಪತ್ರವೇ ಬೇಕಾಗುತ್ತಿರಲಿಲ್ಲ. ತೊಡೆಯ ಮೇಲೆ ಮೊರ. ಮೊರದಲ್ಲಿ ಒಂದು ಕಡೆ ನೆನೆಸಿ ಕತ್ತರಿಸಿದ ಎಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ಇನ್ನೊಂದು ಕಡೆ ಒಣ ತಂಬಾಕಿನ ಪುಡಿ. ಎಲೆಗೆ ಹಸಿ ಬೇಕು, ತಂಬಾಕಿಗೆ ಹಸಿ ಆಗದು, ಎರಡಕ್ಕೂ ಗಾಳಿ ಆಗದು. ಗಾಳಿ ಬಿಟ್ಟರೆ ಎಲೆ ಒಣಗಿ ಸೀಳುತ್ತದೆ, ಪುಡಿ ಹಾರಿ ಕಣ್ಣಿಗೆ ಮೂಗಿಗೆ ಬೀಳುತ್ತದೆ. ತೇವದ ಗಾಳಿ ಬಿಟ್ಟರೆ ಕಟ್ಟಿಟ್ಟ ಬೀಡಿಗೆ ಬೂಸು ಬರುತ್ತದೆ, ತಪಾಸಣೆಯವನು ಎತ್ತಿ ಬದಿಗೆ ಒಗೆಯುತ್ತಾನೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಯಾವ ಮನೆಯಲ್ಲೂ ಕೆಲಸದ ಹೊತ್ತಿನಲ್ಲಿ ಫ್ಯಾನ್ ತಿರುಗುವುದಿಲ್ಲ; ಹೊಸ ಸೊಸೆ ಅರಿಯದೆ ಗುಂಡಿ ಒತ್ತಿದರೆ ಇಡೀ ಮನೆ ಒಮ್ಮೆಲೇ ಚೀರುತ್ತದೆ. ನಾನೇ ಬೈಸಿಕೊಂಡಿದ್ದೇನೆ. ಇಂಥವರಿಗೆ ನೀವು ಕೊಟ್ಟದ್ದೇನು? ಒದ್ದೆ ಗಾಳಿಯನ್ನು ಜೋರಾಗಿ ಊದುವ ಯಂತ್ರ! ಮೀನುಗಾರನಿಗೆ ಬಲೆಯ ಬದಲು ಕೊಡೆ ಕೊಟ್ಟರೂ ಅವನು ಬಿಸಿಲಿಗಾದರೂ ಹಿಡಿದುಕೊಂಡಾನು. ಇದನ್ನು ಏನು ಮಾಡುವುದು? ಏನೂ ಮಾಡಲಿಲ್ಲ. ಬಂದ್ ಇಟ್ಟರು. ಬೆಳಿಗ್ಗೆ ಎಲೆ ಬಿಚ್ಚುವ ಮೊದಲು ಸ್ವಲ್ಪ ಹೊತ್ತು ಹಚ್ಚುತ್ತಾರೆ, ಸಾಹೇಬರು ಯಾರಾದರೂ ಬಂದಾಗ ಹಚ್ಚುತ್ತಾರೆ, ಮುಗಿಯಿತು.

ಈಗ ನಿಮ್ಮ ಮಾದರಿಗೆ ಬರೋಣ. ಓದುವ ಉಳಿದವರಿಗೂ ತಿಳಿಯಲಿ ಎಂದು ಬಿಡಿಸಿ ಹೇಳುತ್ತೇನೆ. ಒಂದು ಕಟ್ಟಡ ತಂಪಾಗಿರಲು ಎಷ್ಟು ವಿದ್ಯುತ್ ಬೇಕು ಎಂಬುದನ್ನು ಇಂದು ಕಂಪ್ಯೂಟರ್‌ನಲ್ಲಿ ಮೊದಲೇ ಲೆಕ್ಕ ಹಾಕುತ್ತಾರೆ. ಛಾವಣಿ ಎಷ್ಟು ಬಿಸಿಲು ಕುಡಿಯುತ್ತದೆ, ಒಳಗೆ ಎಷ್ಟು ಜನ ಕೂಡುತ್ತಾರೆ, ಹೊರಗಿನ ಗಾಳಿ ಎಷ್ಟು ಒಣಗಿದೆ, ಯಂತ್ರ ಎಷ್ಟು ತಾಸು ಓಡುತ್ತದೆ, ಎಷ್ಟು ಕರೆಂಟ್ ತಿಂದು ಎಷ್ಟು ತಂಪು ಕೊಡುತ್ತದೆ, ಇದೆಲ್ಲವನ್ನೂ ತುಂಬಿದರೆ ವರ್ಷವಿಡೀ ಆಗುವ ಬಳಕೆ ಬರುತ್ತದೆ. ಇದಕ್ಕೆ ಮಾದರಿ ಎನ್ನುತ್ತಾರೆ. ಒಳ್ಳೆಯ ವಿದ್ಯೆ. ನಾನು ಇದರ ವೈರಿಯಲ್ಲ; ಸರಿಯಾಗಿ ಮಾಡಿದರೆ ಕಟ್ಟುವ ಮೊದಲೇ ಛಾವಣಿ ಸುಡುತ್ತದೆಂದು ತಿಳಿಯಬಹುದು. ಕಟ್ಟಿದ ಮೇಲೆ ಮಾದರಿಯ ಅಂಕಿಯನ್ನು ನಿಜವಾದ ಮೀಟರ್ ಅಂಕಿಯ ಜೊತೆ ಹೋಲಿಸಿ, ವ್ಯತ್ಯಾಸವಿದ್ದರೆ ಎಲ್ಲಿ ತಪ್ಪಾಯಿತೆಂದು ಹುಡುಕಿ ತಿದ್ದಬೇಕು. ಅದೂ ಸರಿಯೇ. ನಿಮ್ಮ ಮಾದರಿ ಹೇಳಿದ್ದು ಒಂದು ರಾಶಿ ಕರೆಂಟ್. ಮೀಟರ್ ತೋರಿಸಿದ್ದು ಚಿಟಿಕೆಯಷ್ಟು. ಇಂಥ ಕಡೆ ಸಾಮಾನ್ಯ ಮನುಷ್ಯನಿಗೆ ಮೊದಲು ಹೊಳೆಯುವ ಪ್ರಶ್ನೆ ಯಾವುದು? 'ಅಲ್ರಪ್ಪಾ, ಮಷಿನ್ ಹಚ್ಚತಾರೋ ಇಲ್ಲೋ?' ನಿಮಗೆ ಹೊಳೆದದ್ದು ಬೇರೆ. ಯಂತ್ರ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ಉತ್ತಮವಾಗಿದೆ! ಹತ್ತು ರೊಟ್ಟಿ ತಟ್ಟಿಟ್ಟಾಗ ಬೀಗರು ಒಂದೇ ತಿಂದು ಎದ್ದರೆ, ನನ್ನ ರೊಟ್ಟಿ ಎಷ್ಟು ಗಟ್ಟಿಮುಟ್ಟು, ಒಂದಕ್ಕೇ ಹೊಟ್ಟೆ ತುಂಬಿತು ಎಂದು ಬೀಗುವ ಹೆಂಗಸನ್ನು ನಾನು ಈವರೆಗೆ ನೋಡಿರಲಿಲ್ಲ. ಬೀಗರಿಗೆ ಹಲ್ಲುನೋವಿತ್ತೇ ಎಂದು ಯಾರೂ ಕೇಳುವುದಿಲ್ಲವೇ, ಸಾಹೇಬರೇ?

ಪ್ರಶಸ್ತಿ ಕೊಡಲು ನೀವೇ ಖುದ್ದಾಗಿ ಬಂದಿದ್ದಿರಿ, ಫೆಬ್ರುವರಿಯಲ್ಲಿ. ನೆನಪಿರಬೇಕು, ಏಕೆಂದರೆ ಅಂದು ನೀವು ಬಹಳ ಸೀನಿದಿರಿ. ನಿಮ್ಮ ಕಾರು ಕಂಡೊಡನೆ ಮೇಲ್ವಿಚಾರಕ ಓಡಿಹೋಗಿ ಕೂಲರ್ ಹಚ್ಚಿದ. ಹೆಣ್ಣುಮಕ್ಕಳು ಮೊರ ಎತ್ತಿಡಲೂ ಪುರಸೊತ್ತು ಕೊಡಲಿಲ್ಲ. ಮೊದಲ ಜಾಲರಿಯ ಎದುರೇ ಅತಿಥಿಗಳ ಕುರ್ಚಿ. ತಂಬಾಕು ಎದ್ದಿತು ನೋಡಿ, ಹೋಳಿಯ ಬಣ್ಣದಂತೆ! ನೀವು 'ಇಂಧನ' ಎಂದಿರಿ, ಸೀನಿದಿರಿ. 'ದಕ್ಷತೆ' ಎಂದಿರಿ, ಮತ್ತೆ ಸೀನಿದಿರಿ. ಕರವಸ್ತ್ರದ ಒಳಗಿನಿಂದಲೇ "ಎಷ್ಟು ಹಿತವಾದ ತಂಪು" ಎಂದು ಹೊಗಳಿದಿರಿ. ಆಗ ಸುಂದರಾ ಸೆರಗಿನಿಂದ ಮೊರ ಮುಚ್ಚಿಕೊಂಡು ಎದ್ದುನಿಂತು ಕೈಮುಗಿದು ಕೂಗಿದರು: "ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನ್ರಿ, ಅದನ್ನ ಬಂದ್ ಮಾಡಸ್ರಿ! ನಮ್ಮ ತಂಬಾಕೆಲ್ಲಾ ಹಾರಿ ಹೊಂಟೈತಿ!" ಯಂತ್ರದ ಸದ್ದಿನಲ್ಲಿ ನಿಮಗೆ ಕೈಮುಗಿದದ್ದು ಕಂಡಿತು, ಮಾತು ಕೇಳಿಸಲಿಲ್ಲ. ನೀವೂ ಕೈಮುಗಿದಿರಿ. ಫೋಟೋ ಬಂದಿದೆ. ಮರುದಿನದ ಪತ್ರಿಕೆಯಲ್ಲಿ ಅದರ ಕೆಳಗೆ 'ಕೃತಜ್ಞತೆ ಸಲ್ಲಿಸಿದ ಕಾರ್ಮಿಕ ಮಹಿಳೆ' ಎಂದು ಅಚ್ಚಾಗಿತ್ತು. ಮನೆಯಲ್ಲಿ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ತಸ್ಲೀಮ ನಕ್ಕು ನಕ್ಕು ಬಸುರಿನ ಹೊಟ್ಟೆ ನೋಯುತ್ತದೆ ಎಂದು ಗೋಡೆಗೆ ಒರಗಿದಳು.

ನಗು ಬಹಳ ದಿನ ಉಳಿಯಲಿಲ್ಲ. ಹಾಲ್‌ನ ಎರಡನೇ ಹಂತದ ಕೆಲಸವೆಂದು ಮೊದಲೇ ಮಂಜೂರಾದದ್ದು ಒಂದಿತ್ತು: ಛಾವಣಿಯ ಮೇಲೆ ಬಿಸಿ ತಡೆಯುವ ಪದರ, ಅದರ ಮೇಲೆ ಬಿಳಿ ಹೆಂಚು, ಗೋಡೆಯ ತುದಿಯಲ್ಲಿ ಬಿಸಿಗಾಳಿ ಹೊರಬೀಳಲು ಕಿಂಡಿ. ಗಾಳಿ ಊದುವುದಿಲ್ಲ, ನೀರು ಸಿಡಿಯುವುದಿಲ್ಲ, ತಂಬಾಕು ಅಲುಗುವುದಿಲ್ಲ. ಈ ಹೆಣ್ಣುಮಕ್ಕಳಿಗೆ ಬೇಕಾಗಿದ್ದದ್ದು ಅದೊಂದೇ. ಪ್ರಶಸ್ತಿಯ ಬೆನ್ನಿಗೇ ನಿಮ್ಮ ಆದೇಶ ಬಂತು: ಕಟ್ಟಡದ ತಂಪು ನಿರೀಕ್ಷೆ ಮೀರಿ ಸಮರ್ಪಕವಾಗಿರುವುದರಿಂದ ಎರಡನೇ ಹಂತ ಅನವಶ್ಯಕ, ರದ್ದು. ಅಷ್ಟಕ್ಕೇ ನಿಲ್ಲಲಿಲ್ಲ. ಇದೇ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಏಕಸಂಬಿಯಲ್ಲಿ, ರಾಯಬಾಗದಲ್ಲಿ, ಅಥಣಿಯಲ್ಲಿ, ಕಾಗವಾಡದಲ್ಲಿ ಇಂಥದೇ ಹಾಲ್‌ಗಳು ಏಳಲಿವೆ. ಛಾವಣಿಗೆ ಪದರ ಬೇಡ, ಕೂಲರ್ ಇನ್ನೂ ಚಿಕ್ಕದಾದರೂ ನಡೆದೀತು, ಏಕೆಂದರೆ ನಿಪ್ಪಾಣಿಯ ಅಂಕಿಗಳು ಅಷ್ಟು ಚೆನ್ನಾಗಿವೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರನ್ನು ಕೂಡಿಸುತ್ತೀರಂತೆ. ಒದ್ದೆ ಗಾಳಿಗೆ ತೊಗಲು ಬೂಸು ಹಿಡಿಯುವುದು ನಿಮಗೆ ಯಾರು ಹೇಳಬೇಕು? ಕಾಗವಾಡದಲ್ಲಿ ಒಣದ್ರಾಕ್ಷಿ ಆರಿಸುವವರನ್ನು ಕೂಡಿಸುತ್ತೀರಂತೆ. ತಿಂಗಳುಗಟ್ಟಲೆ ಒಣಗಿಸಿದ ದ್ರಾಕ್ಷಿಗೆ ಮತ್ತೆ ತೇವ ಕುಡಿಸುವ ಯೋಜನೆ! ಅಲ್ಲಿಯೂ ಹೆಣ್ಣುಮಕ್ಕಳು ಜಾಣರಿದ್ದಾರೆ, ಬಂದ್ ಇಡುತ್ತಾರೆ. ಅಲ್ಲಿಯೂ ಮೀಟರ್ ಮಲಗುತ್ತದೆ. ಅಲ್ಲಿಯೂ ನೀವು ಪ್ರಶಸ್ತಿ ಹಿಡಿದುಕೊಂಡು ಹೋಗುತ್ತೀರಿ.

ಆದೇಶ ಓದಿ ನಾನು ಬೆಳಗಾವಿಗೆ ಬಸ್ ಹತ್ತಿ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗ್‌ನಲ್ಲಿದ್ದಿರಿ. ಕಾಯುತ್ತ ಕೂತಾಗ ನಿಮ್ಮ ಲೆಕ್ಕ ಮಾಡಿಕೊಟ್ಟ ಸಂಸ್ಥೆಯ ಎಂಜಿನಿಯರ್ ಸಿಕ್ಕ. ವಿಕ್ರಾಂತ ಎಂದು, ರಾಯಬಾಗದ ಕಡೆಯವನು, ಒಳ್ಳೆಯ ಮನುಷ್ಯ. ಕಚೇರಿಯ ಎದುರಿನ ಗಾಡಿಯಲ್ಲಿ ಚಹಾ ಕೊಡಿಸಿ ಮುಚ್ಚುಮರೆಯಿಲ್ಲದೆ ಹೇಳಿದ.

"ಮೇಡಂ, ಸಾಫ್ಟ್‌ವೇರ್ ಹೇಳಿದ್ದ ಒಂದು, ಮೀಟರ್ ಹೇಳಿದ್ದ ಒಂದು ಆತ್ರಿ. ಎರಡೂ ತಾಳೆ ಆಗಬೇಕಲ್ರಿ. ಕೂಲರ್ ಎಷ್ಟು ತಾಸು ನಡೀತೈತಿ ಅನ್ನೂದು ಟೆಂಡರ್‌ದಾಗ ಬರದಾರ, ಮುಂಜಾನಿಯಿಂದ ಸಂಜೀತನಕಾ. ಅದನ್ನ ಮುಟ್ಟಾಂಗಿಲ್ಲ. ಮಂದಿ ಎಷ್ಟು, ಅದೂ ಟೆಂಡರ್‌ದಾಗ ಐತಿ. ಉಳದದ್ದು ಮಷಿನ್ನಿನ ದಕ್ಷತಾ ಒಂದ. ಅದನ್ನ ಏರಿಸಿಕೋತ ಹೋದ್ವಿ, ತಾಳೆ ಆತು. ಈಗ ಮಾದರಿನೂ ಚಿಟಿಕಿ ಕರೆಂಟ್ ಸಾಕು ಅಂತೈತಿ."

"ಮಷಿನ್ ಬಂದ್ ಇರಬಹುದು ಅಂತ ಒಬ್ಬರಿಗೂ ಅನಿಸಲಿಲ್ಲೇನಪಾ?"

"ಅನಿಸಿತ್ರಿ. ಒಮ್ಮಿ ಹೋಗಿ ನೋಡಿ ಬರ್ತೇವಿ ಅಂದ್ವಿ. ಸೈಟಿಗೆ ಹೋಗೂದು ಕರಾರಿನ್ಯಾಗ ಇಲ್ಲ ಅಂದ್ರು."

ಹವಾಮಾನದ ಅಂಕಿ ಯಾವ ಊರಿನದು ಹಾಕಿದಿರಿ ಎಂದು ಕೇಳಿದೆ. ಚಹಾದ ಲೋಟ ನೋಡುತ್ತ "ಬೆಳಗಾವಿದ್ರಿ" ಎಂದ. "ಐದೂ ತಾಲೂಕಿಗೆ ಅದನ್ನ ಹಾಕೇವಿ. ತಯಾರ ಸಿಕ್ಕಿದ್ದ ಅದೊಂದ." ಬೆಳಗಾವಿಯ ಮಂಜು, ಬೆಳಗಾವಿಯ ಸಂಜೆಯ ಗಾಳಿ, ಏಪ್ರಿಲ್‌ನಲ್ಲೂ ಸ್ವೆಟರ್ ಹುಡುಕುವ ನಿಮ್ಮ ಊರು! ಅದನ್ನು ಹಿಡಿದು ಅಥಣಿಯ ಧಗೆಯನ್ನು ಅಳೆದಿರಾ? ಅಥಣಿಯಲ್ಲಿ ಬೇಸಿಗೆಯ ಮಧ್ಯಾಹ್ನ ನಾಯಿ ಕೂಡ ರಸ್ತೆ ದಾಟುವುದಿಲ್ಲ, ಸಾಹೇಬರೇ. ನಿಮ್ಮ ವರದಿಯಲ್ಲಿ ಅಲ್ಲಿ ಹಿತಕರ ಹವೆ ಇದೆ. ವಿಕ್ರಾಂತನ ತಾಯಿ ಇರುವುದು ರಾಯಬಾಗದಲ್ಲೇ. ನಿನ್ನ ಊರಿಗೂ ಬೆಳಗಾವಿಯ ಹವಾ ಹಾಕಿದೆಯಲ್ಲ ಎಂದೆ. "ಮನಿಗಿ ಹೋದಾಗ ಅವ್ವನೂ ಬೈತಾಳ್ರಿ" ಎಂದು ಸಣ್ಣಗೆ ನಕ್ಕ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಹೇಳಬೇಕಾದವರಿಗೆ ಅವನು ಹೇಳಿದ್ದ, ಕೇಳಬೇಕಾದವರು ಕೇಳಿರಲಿಲ್ಲ.

ಕೊನೆಗೆ ನೀವು ಒಳಗೆ ಕರೆದಿರಿ. ನಿಮ್ಮ ಕೋಣೆ ಚೆನ್ನಾಗಿ ತಂಪಾಗಿತ್ತು. ಅಲ್ಲಿಯ ಯಂತ್ರ ಹಚ್ಚಿದ್ದರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದಿರಿ. ಆಮೇಲೆ ಹೇಳಿದಿರಿ: "ಬಳಕೆದಾರರ ವರ್ತನೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಮೇಡಂ. ಬೇಕಿದ್ದರೆ ಆ ಮಹಿಳೆಯರಿಗೆ ಕೂಲರ್ ಬಳಸುವ ಬಗ್ಗೆ ಒಂದು ಜಾಗೃತಿ ಶಿಬಿರ ಮಾಡಿಸೋಣ." ನನ್ನ ಅತ್ತೆಗೆ ಜಾಗೃತಿ! ಬುದ್ಧಿ ಬಂದಾಗಿನಿಂದ ಮೊರದ ಮುಂದೆ ಕೂತವಳಿಗೆ ಗಾಳಿ ಎಂದರೇನು ಎಂದು ಕಲಿಸುತ್ತೀರಾ? ಒಳಗಿನ ಉಷ್ಣತೆ ಒಮ್ಮೆಯಾದರೂ ಅಳೆದಿದ್ದೀರಾ ಎಂದು ಕೇಳಿದೆ. "ಸಾಫ್ಟ್‌ವೇರ್ ಇಪ್ಪತ್ತಾರು ಡಿಗ್ರಿ ಕೊಡುತ್ತದೆ" ಎಂದಿರಿ. ಕೊಡುತ್ತದೆ ಎಂದರೆ? ತಾಟಿನಲ್ಲಿ ಹಾಕಿ ಕೊಡುತ್ತದೆಯೇ? ಮರುದಿನ ನಾನು ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರ್ ತಂದು ಹಾಲ್‌ನಲ್ಲಿ ನೇತುಹಾಕಿದೆ. ಮಾರ್ಚ್ ಮೊದಲ ವಾರದಲ್ಲೇ ಪಾದರಸ ನಲವತ್ತನ್ನು ದಾಟಿತ್ತು. ನಿಮಗೆ ಫೋಟೋ ಕಳಿಸಿದೆ. 'ಸ್ವೀಕರಿಸಲಾಗಿದೆ' ಎಂದು ಉತ್ತರ ಬಂತು. ಧಗೆಯನ್ನು ಸ್ವೀಕರಿಸಿದಿರೋ, ಫೋಟೋವನ್ನೋ, ಈವರೆಗೆ ತಿಳಿದಿಲ್ಲ.

ಇನ್ನು ನೀವು ಸಮಜಾಯಿಷಿ ಕೇಳಿದ ಮಧ್ಯಾಹ್ನ. ನಾನು ಆಗ ಚಿಕ್ಕೋಡಿಯಲ್ಲಿ ತರಗತಿಯಲ್ಲಿದ್ದೆ. ಅತ್ತೆ ಹೇಳಿದ್ದು, ಸುಂದರಾ ಹೇಳಿದ್ದು, ಎರಡೂ ಒಂದೇ. ಊಟ ಮುಗಿಸಿ ಎಲ್ಲರೂ ಮತ್ತೆ ಮೊರ ಎಳೆದುಕೊಂಡಿದ್ದರು. ತಸ್ಲೀಮ ಎರಡು ಸಲ "ಕಣ್ಣಿಗೆ ಕತ್ತಲಿ ಬರಾಕತ್ತೈತಿ" ಎಂದಳಂತೆ. ಮೂರನೆಯ ಸಲ ಏನೂ ಅನ್ನಲಿಲ್ಲ, ಮೊರದ ಮೇಲೇ ಮುಂದಕ್ಕೆ ಬಿದ್ದಳು. ಮೈ ಕೆಂಡ. ಬೆವರು ನಿಂತುಹೋಗಿತ್ತು. ಅತ್ತೆ ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಹೆಸರು ಹಿಡಿದು ಕೂಗುತ್ತಿದ್ದರಂತೆ, ಅವಳು ಹೂಂ ಅನ್ನಲಿಲ್ಲ. ಆಗ ಸುಂದರಾ ಎದ್ದು ಯಾರನ್ನೂ ಕೇಳದೆ ಗುಂಡಿ ಒತ್ತಿದರು. ಗಾಳಿ ಬಂತು. ಅಷ್ಟೂ ಮೊರದ ತಂಬಾಕು ಒಂದೇ ಸಲ ಮೇಲೆದ್ದಿತು. ಎಲೆ ಹಾರಿದವು, ಕಟ್ಟಿಟ್ಟ ಬೀಡಿ ಉರುಳಿದವು, ಕಣ್ಣು ಬಿಡಲು ಯಾರಿಗೂ ಆಗಲಿಲ್ಲ. ಅಂದಿನ ಎಲ್ಲರ ದುಡಿಮೆ ನೆಲಕ್ಕೆ ಹೋಯಿತು. ಒಬ್ಬಳಾದರೂ 'ಬಂದ್ ಮಾಡ್ರಿ' ಅನ್ನಲಿಲ್ಲ, ಸಾಹೇಬರೇ. ಒಬ್ಬಳೂ ತನ್ನ ಮೊರಕ್ಕೆ ಸೆರಗು ಮುಚ್ಚಲಿಲ್ಲ. ಸೆರಗೆಲ್ಲ ತಸ್ಲೀಮಳ ಮುಖ ಮುಚ್ಚಲು ಹೋಗಿದ್ದವು, ಪುಡಿ ಅವಳ ಮೂಗಿಗೆ ಹೋಗದಿರಲಿ ಎಂದು. ಆಟೋ ಬರುವವರೆಗೆ ಹಾಗೇ ಹಿಡಿದುಕೊಂಡು ಕೂತಿದ್ದರು.

ನಿಮ್ಮ ಪರದೆಯ ಮೇಲೆ ಆ ಹೊತ್ತಿಗೆ ಗೆರೆಯೊಂದು ಮೇಲೆದ್ದಿರಬೇಕು. ಅದು ತಸ್ಲೀಮ.

ಆಸ್ಪತ್ರೆಯಲ್ಲಿ ಕೂಸಿನ ಎದೆಬಡಿತ ಸರಿಯಾಗಿದೆ ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನನಗೆ ಸುಲಭಕ್ಕೆ ಅಳು ಬರುವುದಿಲ್ಲ, ಅಂದು ಬಂತು. ನಾನು ಒಳಗೆ ಬಂದಾಗ ಡಾಕ್ಟರಮ್ಮ ಗದರಿಸಿದರು: ಇನ್ನೊಮ್ಮೆ ಹೀಗಾದರೆ ತಾಯಿ ಕೂಸು ಇಬ್ಬರದೂ ಹೇಳಲು ಬರುವುದಿಲ್ಲ, ಹೆರಿಗೆಯವರೆಗೆ ತಂಪಾದ ಜಾಗದಲ್ಲಿ ಇಡಿ. ಎಲ್ಲಿಡುವುದು? ಸರ್ಕಾರದ ಲೆಕ್ಕದಲ್ಲಿ ಇಡೀ ನಿಪ್ಪಾಣಿಯಲ್ಲಿ ಆ ಹಾಲ್‌ಗಿಂತ ತಂಪಾದ ಕಟ್ಟಡ ಬೇರೆ ಇಲ್ಲ. ವಾರ ಮನೆಯಲ್ಲಿ ಮಲಗಿಸಿದೆವು. ಗುತ್ತಿಗೆದಾರ ಅವಳ ಎಲೆಯನ್ನು ಬೇರೆಯವಳಿಗೆ ಕೊಟ್ಟ. ಇನ್ನೊಂದು ವಾರ ತಪ್ಪಿದರೆ ಹೆಸರೇ ತೆಗೆಯುತ್ತೇನೆ ಎಂದ. ಹೆಸರು ಹೋದರೆ ಕಾರ್ಮಿಕಳೆಂಬ ಕಾರ್ಡ್ ಹೋಗುತ್ತದೆ, ಕಾರ್ಡ್ ಹೋದರೆ ಹೆರಿಗೆಗೆ ಸಿಗುವ ಹಣವೂ ಹೋಗುತ್ತದೆ. ನಾನು ಬೇಡ ಎಂದೆ, ನನ್ನ ಗಂಡ ಬೇಡ ಎಂದರು, ಅತ್ತೆ ಬೈದರು. ಅವಳು ಯಾರ ಮಾತೂ ಕೇಳಲಿಲ್ಲ. ಬುರ್ಖಾ ಹಾಕಿಕೊಂಡು ನೀರಿನ ಬಾಟಲಿ ಹಿಡಿದುಕೊಂಡು ಹೋದಳು. ಈಗಲೂ ಹೋಗುತ್ತಿದ್ದಾಳೆ. ಈ ಪತ್ರ ಬರೆಯುವ ಹೊತ್ತಿಗೂ ಅಲ್ಲೇ ಇದ್ದಾಳೆ, ಅದಕ್ಕೇ ನನ್ನ ಅಕ್ಷರ ನೆಟ್ಟಗಿಲ್ಲ. ಫೋನ್ ಸದ್ದಾದರೆ ಪೆನ್ನು ಬಿಟ್ಟು ಓಡುತ್ತೇನೆ. ತರಗತಿಯಲ್ಲಿ ಪಾಠ ಅರ್ಧಕ್ಕೆ ನಿಲ್ಲಿಸಿ ಕಿಟಕಿಯಿಂದ ಬಿಸಿಲು ನೋಡುತ್ತೇನೆ. ವಿದ್ಯಾರ್ಥಿಗಳು ನನಗೇನೋ ಆಗಿದೆ ಅಂದುಕೊಂಡಿದ್ದಾರೆ.

ಇಂಥ ಪರಿಸ್ಥಿತಿಯಲ್ಲಿ ನಿಮ್ಮ ನೋಟಿಸ್ ಬಂತು. ಓದಿ ನನಗೆ ಎಂಥ ಸಿಟ್ಟು ಬಂತೆಂದರೆ ಒಂದು ಉಪಾಯ ಹೊಳೆಯಿತು. ಸಂಜೆ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ ಹೇಳಿದೆ: ಈ ಸಾಹೇಬರಿಗೆ ಮನುಷ್ಯರ ಮಾತು ತಿಳಿಯುವುದಿಲ್ಲ, ಮೀಟರ್ ಮಾತು ಮಾತ್ರ ತಿಳಿಯುತ್ತದೆ. ನಾಳೆಯಿಂದ ಮೊರ ತಗೊಂಡು ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಕೂತುಬಿಡಿ. ಖಾಲಿ ಹಾಲ್‌ನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕೂಲರ್ ಹಚ್ಚಿಡಿ. ಮೀಟರ್ ಓಡಲಿ. ತಿಂಗಳಾಗುವುದರೊಳಗೆ ಇವರ ಮಾದರಿ ಮುರಿದು ಬೀಳುತ್ತದೆ, ಪ್ರಶಸ್ತಿ ವಾಪಸಾಗುತ್ತದೆ, ರದ್ದಾದ ಛಾವಣಿ ಕೆಲಸ ಮತ್ತೆ ಚಾಲೂ ಆಗುತ್ತದೆ. ಕೆಲವರು ಚಪ್ಪಾಳೆ ತಟ್ಟಿದರು. ಸುಂದರಾ "ಭಲೇ ಟೀಚರ!" ಎಂದರು. ನನ್ನ ಅತ್ತೆ ಮಾತ್ರ ಎದ್ದುನಿಂತರು.

"ಯಾರೂ ಇಲ್ಲದ ಮನ್ಯಾಗ ಕರೆಂಟ್ ಸುಡೂದಾ? ತೋಬಾ ತೋಬಾ! ಹರಾಮ ಐತಿ ಅದು. ಮಂದಿ ಹೊಲಕ್ಕ ಕರೆಂಟ್ ಇಲ್ಲದ ಕಬ್ಬು ಒಣಗಾಕತ್ತೈತಿ, ನೀವು ಖಾಲಿ ಖೋಲಿ ತಂಪ ಮಾಡ್ತೀರಿ? ನನ್ನ ಕೈಲೆ ಆಗೂದಿಲ್ಲ. ಬೇಟಿ, ನೀ ಶಾಣ್ಯಾಕಿ ಅದಿ, ಕಾಗದಾ ಬರಿ."

ನನ್ನ ಉಪಾಯ ಅಲ್ಲಿಗೇ ಬಿತ್ತು. ನಿಮ್ಮ ಪ್ರಶಸ್ತಿ ಪತ್ರದಲ್ಲಿ 'ವಿದ್ಯುತ್ತಿನ ವಿವೇಕಯುತ ಬಳಕೆ' ಎಂಬ ಸಾಲಿದೆಯಲ್ಲ, ಅದನ್ನು ನಂಬಿ ನಡೆಯುವವರು ನಿಮ್ಮ ಇಡೀ ವ್ಯವಸ್ಥೆಯಲ್ಲಿ ಯಾರಾದರೂ ಇದ್ದರೆ ನನ್ನ ಅತ್ತೆಯೊಬ್ಬರೇ. ಅವರ ಮಾತಿಗೆ ಕಟ್ಟುಬಿದ್ದು ಕಾಗದ ಬರೆಯುತ್ತಿದ್ದೇನೆ. ತಸ್ಲೀಮಳಿಗೆ ಇದೂ ಇಷ್ಟವಿಲ್ಲ. "ಭಾಭಿ, ಸಾಹೇಬ್ರಿಗೆ ಸಿಟ್ಟ ಬಂದು ಹಾಲ್ ಬಂದ್ ಮಾಡಿಬಿಟ್ರ?" ಎಂದು ಕೇಳಿದಳು. ಹಾಗೆಲ್ಲ ಮಾಡುವುದಿಲ್ಲ ಎಂದೆ. ನನಗೆ ಖಾತ್ರಿಯಿಲ್ಲ.

ಹಾಗಾಗಿ ಕೇಳುವುದನ್ನು ನೇರವಾಗಿ ಕೇಳಿಬಿಡುತ್ತೇನೆ. ಎರಡನೇ ಹಂತ ರದ್ದುಮಾಡಿದ ಆದೇಶವನ್ನು ಹಿಂತೆಗೆದುಕೊಳ್ಳಿ, ಛಾವಣಿಯ ಕೆಲಸ ಏಪ್ರಿಲ್‌ನಲ್ಲೇ ಶುರುಮಾಡಿಸಿ. ಅದು ಮುಗಿಯುವವರೆಗೆ ಮನೆಯಲ್ಲಿ ಕೂತು ಕಟ್ಟುವವರಿಗೂ ಎಲೆ ಕೊಡಬೇಕು, ಯಾರ ಹೆಸರನ್ನೂ ತೆಗೆಯಬಾರದು ಎಂದು ಗುತ್ತಿಗೆದಾರನಿಗೆ ಲಿಖಿತವಾಗಿ ಹೇಳಿಸಿ. ಅದು ನಿಮ್ಮ ಇಲಾಖೆಯ ಕೆಲಸವಲ್ಲ ಎನ್ನಬೇಡಿ. ಯಾರ ಕೆಲಸವೋ ಅವರ ಬಾಗಿಲು ಎರಡು ಕೋಣೆ ಆಚೆಗಿದೆ, ಕಾಯುವಾಗ ನಾನು ಫಲಕ ಓದಿದ್ದೇನೆ. ಏಕಸಂಬಿಯಿಂದ ಕಾಗವಾಡದವರೆಗಿನ ಹಾಲ್‌ಗಳ ನಕ್ಷೆಯನ್ನು ತಡೆಹಿಡಿಯಿರಿ. ವಿಕ್ರಾಂತನಿಗೆ ಬಸ್ಸಿನ ಖರ್ಚು ಕೊಟ್ಟು ಒಂದೊಂದು ಊರಿಗೂ ಕಳಿಸಿ, ಅಲ್ಲಿಯ ಹೆಣ್ಣುಮಕ್ಕಳು ಏನು ಕೆಲಸ ಮಾಡುತ್ತಾರೆ, ಅದಕ್ಕೆ ಗಾಳಿ ಆಗುತ್ತದೋ ಇಲ್ಲವೋ ಕೇಳಿಸಿ, ಆ ಊರಿನ ಬಿಸಿಲನ್ನೇ ಆ ಊರಿನ ಲೆಕ್ಕಕ್ಕೆ ಹಾಕಿಸಿ. ನಿಪ್ಪಾಣಿಯ ಅಂಕಿಗಳ ಮುಂದೆ 'ಯಂತ್ರ ಬಂದ್ ಇತ್ತು' ಎಂದು ಬರೆಸಿ. ತಸ್ಲೀಮಳಿಗೆ ಮೇ ತಿಂಗಳಲ್ಲಿ ದಿನ ತುಂಬುತ್ತವೆ. ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟು ಸಮಯ ಅವಳ ಹತ್ತಿರ ಇಲ್ಲ.

ಇದಾವುದನ್ನೂ ನಂಬಬೇಡಿ ಬೇಕಾದರೆ. ಬೀಡಿ ಕಟ್ಟುವವರ ಮನೆಯವಳು, ಹೆಚ್ಚಿಸಿ ಹೇಳುತ್ತಾಳೆ ಎಂದೇ ಇಟ್ಟುಕೊಳ್ಳಿ. ಒಮ್ಮೆ ಬಂದು ನೋಡಿ. ಊಟದ ನಂತರದ ಹೊತ್ತಿಗೆ ಬನ್ನಿ, ತಸ್ಲೀಮಳ ಪಕ್ಕದಲ್ಲಿ ನಿಮಗೊಂದು ಚಾಪೆ ಹಾಸಿಸುತ್ತೇನೆ, ನೀರು ಕೊಡುತ್ತೇನೆ, ಹಾರ ತುರಾಯಿ ಏನೂ ಇರುವುದಿಲ್ಲ. ಎಷ್ಟು ಹೊತ್ತು ಕೂಡಲು ಆಗುತ್ತದೋ ಅಷ್ಟು ಹೊತ್ತು ಕೂತು ಹೋಗಿ. ಒಂದೇ ವಿನಂತಿ, ಬರುವ ದಿನವನ್ನು ಮೊದಲೇ ಯಾರಿಗೂ ತಿಳಿಸಬೇಡಿ. ತಿಳಿಸಿದರೆ ನಿಮ್ಮ ಸಲುವಾಗಿ ಕೂಲರ್ ಹಚ್ಚಿಬಿಡುತ್ತಾರೆ.

ಇಂತಿ,
ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಅಂಚೆಪೆಟ್ಟಿಗೆಯ ದಾರಿ ಬಿಡದ,
ಫರಹೀನ
ನಿಪ್ಪಾಣಿ